ಕಾಣುವ ಪುಟ, ಅಡಗಿದ ಪಾಠ

ಪ್ರಾಚೀನ ಕೃತಿಯನ್ನು ಸಂಪಾದಿಸಹೊರಟ ವಿದ್ವಾಂಸನು ಮೊದಲು ಪ್ರತಿಯ ಸ್ವರೂಪವನ್ನು ವಿಚಾರಿಸುತ್ತಾನೆ. ಅದು ಓಲೆಯೋ ಕಾಗದವೋ, ಲಿಪಿಕಾರನು ಭಾಷೆಯನ್ನು ಬಲ್ಲವನೋ ಅಲ್ಲವೋ, ಎಲ್ಲೆಲ್ಲಿ ಗರಿಗಳು ಲುಪ್ತವಾಗಿವೆ ಎಂಬುದನ್ನು ತಿಳಿದ ಮೇಲೆಯೇ ಅದರ ಸಾಕ್ಷ್ಯಕ್ಕೆ ಬೆಲೆ ಕಟ್ಟುತ್ತಾನೆ. ಓಲೆಗರಿಯ ವಿಷಯದಲ್ಲಿ ಈ ಎಚ್ಚರ ನಮ್ಮ ಸಂಶೋಧಕರಿಗೆ ಸ್ವಭಾವವೇ ಆಗಿದೆ. ಆದರೆ ಅದೇ ಕೃತಿಯನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ, ಬ್ರೌಸರಿನ ಕಿಟಕಿಯಲ್ಲಿ, ಪಿಡಿಎಫ್ ಕಡತವಾಗಿ ನೋಡುವಾಗ ಆ ಎಚ್ಚರ ಸಡಿಲುತ್ತದೆ. ಪುಟ ಅಚ್ಚುಕಟ್ಟಾಗಿ ಕಾಣುತ್ತದೆ. ಕಂಡದ್ದೇ ಪಾಠವೆಂದು ಓದುಗನು ನಂಬುತ್ತಾನೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವಾದುದು ಎಂಬುದೇ ಇಲ್ಲಿಯ ವಿಚಾರ.

ಈ ಸಾಧನದಿಂದ ಆದ ಉಪಕಾರ ಅಲ್ಪವಲ್ಲ. ಕಿಟ್ಟೆಲರ 1894ರ ನಿಘಂಟು, ರೈಸರ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಮೊದಲಾದ ಆಕರಗಳು, ದೊಡ್ಡ ಕನ್ನಡ ಗ್ರಂಥಭಂಡಾರದಿಂದ ದೂರವಿರುವ ಹೊರನಾಡ ಕನ್ನಡಿಗನ ಮನೆಗೇ ಇಂದು ಬಂದಿವೆ. ಮಾಸಿದ ಅಕ್ಷರವನ್ನು ಹಿಗ್ಗಿಸಿ ನೋಡಬಹುದು. ಎರಡು ಮುದ್ರಣಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಆದರೆ ಪಿಡಿಎಫ್ ಎಂಬ ರೂಪವನ್ನು ಅಡೋಬಿ ಸಂಸ್ಥೆಯು 1993ರಲ್ಲಿ ಹೊರತಂದಾಗ ಅದರ ಮುಖ್ಯ ಗುರಿ ಒಂದೇ ಆಗಿತ್ತು: ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ಬಗೆಯಾಗಿ ಕಾಣಬೇಕು. ಪುಟದ ರೂಪವನ್ನು ಕಾಪಾಡುವುದು ಒಂದು ಕೆಲಸ, ಪಾಠವನ್ನು ಕಾಪಾಡುವುದು ಇನ್ನೊಂದು ಕೆಲಸ. ಈ ಭೇದವನ್ನು ಮರೆತಲ್ಲಿಯೇ ತೊಡಕು ಹುಟ್ಟುತ್ತದೆ.

ಮೊದಮೊದಲು ಇಂತಹ ಕಡತಗಳನ್ನು ತೋರಿಸಲು ಬ್ರೌಸರಿಗೆ ಬೇರೊಂದು ತಂತ್ರಾಂಶದ ನೆರವು ಬೇಕಾಗಿತ್ತು. ಕ್ರೋಮ್ ಬ್ರೌಸರು 2010ರಲ್ಲಿಯೂ ಫೈರ್‌ಫಾಕ್ಸ್ 2013ರಲ್ಲಿಯೂ ಆ ಸಾಮರ್ಥ್ಯವನ್ನು ತಮ್ಮೊಳಗೇ ಅಳವಡಿಸಿಕೊಂಡವು. ಪುಸ್ತಕಗಳ ಪುಟಚಿತ್ರಗಳಿಗೆಂದೇ ಹೊರಟ ‘ಡೇಜಾವು’ ಎಂಬ ರೂಪಕ್ಕೆ ಈ ಭಾಗ್ಯ ಬರಲಿಲ್ಲ. ಅದು ನೆಚ್ಚಿದ್ದ ಹಳೆಯ ಬಗೆಯ ಪೂರಕ ತಂತ್ರಾಂಶಗಳನ್ನು ಕ್ರೋಮ್ 2015ರಲ್ಲಿಯೂ ಫೈರ್‌ಫಾಕ್ಸ್ 2017ರಲ್ಲಿಯೂ ಕೈಬಿಟ್ಟವು. ಪುಸ್ತಕವಿದ್ದೂ ಕಪಾಟಿನ ಕೀಲಿಕೈ ಕಳೆದಂತಾಯಿತು.

ಫೈರ್‌ಫಾಕ್ಸ್ ಪಿಡಿಎಫ್ ಪುಟವನ್ನು ತೋರಿಸುವ ಕ್ರಮವನ್ನು ಗಮನಿಸಿದರೆ ಇಲ್ಲಿಯ ಮುಖ್ಯಾಂಶ ಸ್ಪಷ್ಟವಾಗುತ್ತದೆ. ಅದು ಮೊದಲು ಪುಟವನ್ನು ಚಿತ್ರವಾಗಿ ಬರೆಯುತ್ತದೆ. ಆ ಚಿತ್ರದ ಮೇಲೆ, ಕಣ್ಣಿಗೆ ಕಾಣದ ಪಾರದರ್ಶಕ ಅಕ್ಷರಗಳ ಇನ್ನೊಂದು ಪದರವನ್ನು ಹಾಸುತ್ತದೆ. ಓದುಗನ ಕಣ್ಣು ನೋಡುವುದು ಕೆಳಗಿನ ಚಿತ್ರವನ್ನು. ಅವನು ಪದವೊಂದನ್ನು ಹುಡುಕಿದಾಗ ಅಥವಾ ಸಾಲೊಂದನ್ನು ನಕಲು ಮಾಡಿದಾಗ ಕೈಗೆ ಬರುವುದು ಮೇಲಿನ ಪದರ. ಹೀಗೆ ಒಂದೇ ಪುಟದಲ್ಲಿ ಎರಡು ಪಾಠಗಳಿವೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇವೆರಡೂ ಸಾಮಾನ್ಯವಾಗಿ ಹೊಂದಿಕೊಂಡಿರುತ್ತವೆ. ಕನ್ನಡದಲ್ಲಿ ಅನೇಕ ವೇಳೆ ಹೊಂದುವುದಿಲ್ಲ.

ಕನ್ನಡದ ಪಿಡಿಎಫ್ ಕಡತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಹಳೆಯ ಪುಸ್ತಕಗಳ ಬರಿಯ ಪುಟಚಿತ್ರ. ಇಲ್ಲಿ ಒಳಪಾಠವೇ ಇರುವುದಿಲ್ಲ. ಇದ್ದರೂ ಅದು ಯಂತ್ರವು ಅಕ್ಷರಗಳನ್ನು ಗುರುತಿಸಿ ಬರೆದುಕೊಂಡದ್ದು. ಹಳೆಯ ಅಚ್ಚಿನ ಒತ್ತಕ್ಷರಗಳಲ್ಲಿ ಆ ಲಿಪಿಕಾರನು ಎಡವುವುದು ಸಹಜ.

ಎರಡನೆಯದು, ಹಳೆಯ ಫಾಂಟುಗಳಲ್ಲಿ ಜೋಡಿಸಿದ ಕಡತ. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ಸಾಮಾನ್ಯ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸಲು ಬಹು ಕಾಲ ಹಿಡಿಯಿತು. ಆ ನಡುವಣ ಅವಧಿಯಲ್ಲಿ ‘ನುಡಿ’ಯಂತಹ ತಂತ್ರಾಂಶಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕನ್ನಡದ ಮುದ್ರಣವನ್ನು ನಡೆಸಿದವು. ಆ ಸೇವೆಯನ್ನು ಕಡೆಗಣಿಸಲಾಗದು. ಆದರೆ ಅಂತಹ ಕಡತದಿಂದ ‘ಕನ್ನಡ’ ಎಂಬ ಪದವನ್ನೇ ನಕಲು ಮಾಡಿದರೆ ಮೊದಲಿಗೆ ‘ಪಿ’ ಎಂಬ ಇಂಗ್ಲಿಷ್ ಅಕ್ಷರವೂ, ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆಯೂ ಬರುತ್ತವೆ. ಆ ಪುಸ್ತಕದಲ್ಲಿ ‘ಕನ್ನಡ’ವನ್ನು ಹುಡುಕಿದವನಿಗೆ, ಅದು ಪುಟಪುಟದಲ್ಲಿದ್ದರೂ, ‘ಇಲ್ಲ’ ಎಂಬ ಉತ್ತರವೇ ದೊರೆಯುತ್ತದೆ.

ಮೂರನೆಯದು, ಯೂನಿಕೋಡಿನಲ್ಲಿಯೇ ಸಿದ್ಧವಾದ ಕಡತ. ಇದರಲ್ಲಿ ದೋಷವಿರದೆಂದು ಭಾವಿಸುವುದು ಅವಸರದ ಮಾತಾದೀತು. ನಮ್ಮ ಲಿಪಿಯಲ್ಲಿ ಅರ್ಕಾವತ್ತು ಉಚ್ಚಾರದಲ್ಲಿ ಮೊದಲು, ಬರೆಹದಲ್ಲಿ ಅನಂತರ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ. ಪಿಡಿಎಫ್ ಪುಟವು ಬರೆಹದ ಕ್ರಮವನ್ನು ಹಿಡಿದಿಡುತ್ತದೆ. ಎರಡನ್ನೂ ಹೊಂದಿಸದೆ ಸಿದ್ಧಪಡಿಸಿದ ಕಡತದಿಂದ ‘ಕರ್ನಾಟಕ’ವನ್ನು ನಕಲು ಮಾಡಿದರೆ ‘ಕನಾರ್ಟಕ’ ಎಂದಾಗುತ್ತದೆ. ‘ವರ್ಷ’ವು ‘ವಷರ್’ ಆಗುತ್ತದೆ. ಗ್ರಂಥಸಂಪಾದಕರು ಲಿಪಿಕಾರರ ಮೇಲೆ ಹೊರಿಸುವ ಅಕ್ಷರಪಲ್ಲಟವೆಂಬ ದೋಷವೇ ಇದು. ವ್ಯತ್ಯಾಸವಿಷ್ಟೆ: ಓಲೆಯಲ್ಲಿ ಅದು ಕಣ್ಣಿಗೆ ಬೀಳುತ್ತಿತ್ತು, ಇಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೊಂದು ಸ್ಮರಣೀಯ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫಾ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ, ತಪ್ಪನ್ನು ಒಪ್ಪಿಕೊಂಡು ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಅಲ್ಲಿ ಹೆಸರು ತಪ್ಪಿದ್ದರೂ ಅಕ್ಷರದ ಸಂಕೇತ ಸರಿಯಾಗಿದೆ. ಆದ್ದರಿಂದ ‘ೞ’ವನ್ನು ಹುಡುಕಿದವನಿಗೆ ‘ೞ’ವೇ ಸಿಕ್ಕುತ್ತದೆ. ನಮ್ಮ ಕಡತಗಳಲ್ಲಿಯಾದರೋ ಹೊರಗಿನ ರೂಪ ಸರಿ, ಒಳಗಿನ ಸಂಕೇತ ತಪ್ಪು. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುವ ಪದ್ಧತಿಯಿದೆ. ಎರಡೂ ಹೊಂದದಿದ್ದರೆ ಅಕ್ಷರದ ಮೊತ್ತವೇ ಪ್ರಮಾಣವೆಂದು 1881ರ ಕಾಯಿದೆ ವಿಧಿಸುತ್ತದೆ. ಪಿಡಿಎಫ್ ಪುಟದಲ್ಲಿಯೂ ಲೆಕ್ಕ ಎರಡಿವೆ. ಆದರೆ ಒಂದು ಲೆಕ್ಕ ಓದುಗನ ಕಣ್ಣಿಗೆ ಮರೆಯಾಗಿರುವುದರಿಂದ ತಾಳೆ ನೋಡುವ ಪ್ರಸಂಗವೇ ಬರುವುದಿಲ್ಲ.

ಕಣ್ಣಿಗೆ ಸರಿಯಾಗಿ ಕಂಡರೆ ಸಾಲದೆ, ಹುಡುಕಾಟ ಯಂತ್ರದ ಸೌಕರ್ಯವಷ್ಟೇ ಅಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಪುಸ್ತಕವನ್ನು ಆದಿಯಿಂದ ಅಂತ್ಯದವರೆಗೆ ಓದುವವನ ಮಟ್ಟಿಗೆ ಈ ಮಾತು ನಿಜ. ಆದರೆ ಇಂದಿನ ಸಂಶೋಧನೆಯಲ್ಲಿ ಹುಡುಕಾಟವೇ ಪ್ರಮಾಣದ ಸ್ಥಾನಕ್ಕೆ ಏರುತ್ತಿದೆ. ‘ಈ ಪದ ಇಂಥ ಕವಿಯಲ್ಲಿ ಇಲ್ಲ’ ಎಂಬ ನಿರ್ಣಯ, ಹುಡುಕಿ ದೊರೆಯಲಿಲ್ಲವೆಂಬ ಆಧಾರದ ಮೇಲೆಯೇ ನಿಲ್ಲುವ ಅಪಾಯವಿದೆ. ನಮ್ಮ ಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವಾಗಲೂ ಒಂದು ಕಟ್ಟುಪಾಡನ್ನು ಹಾಕಿದರು: ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದರ ಅಭಾವ ಸಿದ್ಧವಾಗುತ್ತದೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯಿಲ್ಲವೆನ್ನಲಾಗದು. ಒಳಪಾಠ ಕೆಟ್ಟ ಕಡತವೆಂದರೆ ಅಂತಹ ಕತ್ತಲ ಕೋಣೆ. ಇನ್ನು ಕಣ್ಣಿಲ್ಲದವರ ಸಂಗತಿ. ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಸಿಕ್ಕುವುದು ಒಳಪಾಠವೇ ಆದುದರಿಂದ, ನೋಡುವವರಿಗೆ ಸುಂದರವಾದ ಪುಸ್ತಕ ಅವರಿಗೆ ಕೇವಲ ಶಬ್ದಗಳ ಗದ್ದಲವಾಗುತ್ತದೆ. ಇದನ್ನು ಸೌಕರ್ಯದ ಪ್ರಶ್ನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ದೋಷವನ್ನು ಬ್ರೌಸರಿನ ಮೇಲೆ ಹೊರಿಸಿ ಸುಮ್ಮನಾಗುವುದೂ ಸರಿಯಲ್ಲ. ಕಡತದಲ್ಲಿ ಇಟ್ಟುದನ್ನೇ ಅದು ಮುಂದಿಡುತ್ತದೆ. ಚಿತ್ರಿತ ಅಕ್ಷರಗಳ ಜೊತೆಗೆ ಅವುಗಳ ನಿಜವಾದ ಪಾಠವನ್ನು ಹೊಂದಿಸುವ ಏರ್ಪಾಡು ಪಿಡಿಎಫ್ ನಿಯಮಗಳಲ್ಲಿಯೇ ಇದೆ. ಅದನ್ನು ಬಳಸಿಕೊಳ್ಳುವ ಹೊಣೆ ಪ್ರಕಟಿಸುವವರದು. ಗ್ರಂಥವನ್ನು ಅಂತರಜಾಲಕ್ಕೆ ಒಪ್ಪಿಸುವ ಮುನ್ನ ಸಂಪಾದಕರು ಕರಡು ತಿದ್ದುವಂತೆಯೇ ಒಳಪಾಠವನ್ನೂ ಪರೀಕ್ಷಿಸಬೇಕು. ಪರೀಕ್ಷೆ ಕಷ್ಟವೇನಲ್ಲ: ಒತ್ತಕ್ಷರ, ಅರ್ಕಾವತ್ತುಗಳಿರುವ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿದರೆ ಸಾಕು. ಸಾಧ್ಯವಾದಲ್ಲಿ ಪುಟಚಿತ್ರದ ಜೊತೆಗೆ ಬರಿಯ ಯೂನಿಕೋಡ್ ಪಾಠವನ್ನೂ ಪ್ರತ್ಯೇಕವಾಗಿ ಇಡುವುದು ಉತ್ತಮ.

ಸಂಶೋಧಕರ ಹೊಣೆಯೂ ಇದೆ. ಬ್ರೌಸರು ತೋರಿಸುವ ಪುಟಸಂಖ್ಯೆ ಎಷ್ಟೋ ವೇಳೆ ಹೊದಿಕೆಯಿಂದಲೇ ಎಣಿಕೆ ಹಿಡಿಯುವುದರಿಂದ, ಉಲ್ಲೇಖದಲ್ಲಿ ಅಚ್ಚಿನ ಪುಟಸಂಖ್ಯೆಯನ್ನೇ ಕೊಡಬೇಕು. ‘ಇಲ್ಲ’ ಎನ್ನುವ ಮುನ್ನ, ಇದೆಯೆಂದು ತಿಳಿದಿರುವ ಪದವೊಂದನ್ನು ಅದೇ ಕಡತದಲ್ಲಿ ಹುಡುಕಿ ನೋಡಬೇಕು. ಅದೂ ದೊರೆಯದಿದ್ದರೆ ದೋಷ ಕವಿಯದಲ್ಲ, ಪ್ರತಿಯದು. ಆಗ ಉಳಿಯುವ ದಾರಿ ಹಿಂದಿನವರದೇ: ಮೊದಲ ಪುಟದಿಂದ ಆರಂಭಿಸಿ, ಕೈಯಲ್ಲಿ ಲೇಖನಿ ಹಿಡಿದು, ಇಡೀ ಗ್ರಂಥವನ್ನು ಓದುವುದು.