ಸಮವಸ್ತ್ರದ ದಾರಿ, ಪದವಿಯ ದಾರಿ: ಅಮೆರಿಕದ ವಾಯು ಸಂಚಾರ ನಿಯಂತ್ರಕರ ನೇಮಕಾತಿ

ಆಕಾಶದಲ್ಲಿ ಮತ್ತು ರನ್‌ವೇಯ ಮೇಲೆ ವಿಮಾನಗಳು ಒಂದಕ್ಕೊಂದು ನಿಗದಿತ ಅಂತರ ಕಾಯ್ದುಕೊಳ್ಳುವಂತೆ ರೇಡಿಯೊ ಮೂಲಕ ಪೈಲಟ್‌ಗಳಿಗೆ ಅಪ್ಪಣೆ ಕೊಡುವ ಕೆಲಸಕ್ಕೆ ವಾಯು ಸಂಚಾರ ನಿಯಂತ್ರಣ ಎಂದು ಹೆಸರು. ಅಮೆರಿಕದಲ್ಲಿ ಇದರ ಬಹುಪಾಲನ್ನು ನಿರ್ವಹಿಸುವುದು ಎಫ್‌ಎಎ, ಅಂದರೆ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ. ಪ್ರೌಢಶಾಲೆ ಮುಗಿಸಿ ಈ ವೃತ್ತಿಗೆ ಬರಬಯಸುವವರಿಗೆ ಅಲ್ಲಿ ಬಹುಕಾಲದಿಂದ ಎರಡು ದಾರಿಗಳನ್ನು ತೋರಿಸಲಾಗುತ್ತಿದೆ: ಸೇನೆಗೆ ಸೇರಿ ಅಲ್ಲಿಯೇ ನಿಯಂತ್ರಕನಾಗಿ ಪಳಗಿ ಆಮೇಲೆ ನಾಗರಿಕ ಸೇವೆಗೆ ಬರುವುದು ಒಂದು, ಎಫ್‌ಎಎ ಮಾನ್ಯತೆ ಪಡೆದ ಕಾಲೇಜಿನಲ್ಲಿ ಎರಡು ಅಥವಾ ನಾಲ್ಕು ವರ್ಷ ಓದಿ ಅರ್ಜಿ ಹಾಕುವುದು ಇನ್ನೊಂದು. ಇವೆರಡನ್ನೂ ತೂಗುವವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆ ಯಾವ ದಾರಿಯಿಂದ ಬಂದವರು ಹೆಚ್ಚು ಸಮರ್ಥರು ಎಂಬುದು. ಆ ಚರ್ಚೆಯಿಂದ ಹುಟ್ಟುವುದು ಹೆಚ್ಚಾಗಿ ಅವರವರ ಅಭಿಮಾನದ ಮಾತುಗಳೇ. ತರಬೇತಿಯ ಖರ್ಚನ್ನೂ ಸೋಲಿನ ನಷ್ಟವನ್ನೂ ಯಾವ ದಾರಿ ಯಾರ ಹೆಗಲಿಗೆ ಹೊರಿಸುತ್ತದೆ ಎಂದು ಕೇಳಿದಾಗಲೇ ಈ ವ್ಯವಸ್ಥೆಯ ನಿಜವಾದ ಸ್ವರೂಪ ಕಾಣತೊಡಗುತ್ತದೆ.

ಈ ವೃತ್ತಿಯಲ್ಲಿ ಹಣಕ್ಕಿಂತಲೂ ಬಿಗಿಯಾದ ಅಳತೆ ವಯಸ್ಸಿನದು. ಅನುಭವವಿಲ್ಲದ ಅಭ್ಯರ್ಥಿಯು 31 ತುಂಬುವ ಮೊದಲೇ ನೇಮಕಗೊಳ್ಳಬೇಕು, 56ಕ್ಕೆ ಕಡ್ಡಾಯವಾಗಿ ನಿವೃತ್ತನಾಗಬೇಕು. ಈ ಬಗೆಯ ವಯೋಮಿತಿಗೆ 1972ರ ಕಾಯ್ದೆ ಆಧಾರ ಒದಗಿಸಿತು. 25 ವರ್ಷ ಸೇವೆ ಸಲ್ಲಿಸಿದವರು ಯಾವ ವಯಸ್ಸಿನಲ್ಲಾದರೂ, 20 ವರ್ಷ ಸೇವೆ ಸಲ್ಲಿಸಿದವರು 50 ತುಂಬಿದ ಮೇಲೆ ಪಿಂಚಣಿಗೆ ಅರ್ಹರಾಗುತ್ತಾರೆ; 31ಕ್ಕೆ 25 ಕೂಡಿಸಿ ನೋಡಿದರೆ ಕಾಯ್ದೆಯ ಲೆಕ್ಕಾಚಾರ ತಾನಾಗಿ ಹೊರಬೀಳುತ್ತದೆ. ಸತತ 52 ವಾರಗಳ ಕಾಲ ವಿಮಾನಗಳನ್ನು ನಿಯಂತ್ರಿಸಿದ ಅನುಭವವುಳ್ಳವರಿಗೆ ಮಾತ್ರ ನೇಮಕದ ವಯಸ್ಸು 35ರವರೆಗೆ ಸಡಿಲವಾಗಿದೆ. ಈ ಸಡಿಲಿಕೆಯ ಲಾಭ ಮುಖ್ಯವಾಗಿ ದಕ್ಕುವುದು ಸೇನೆಯಿಂದ ಬಂದವರಿಗೆ. ಹೀಗಿರುವಾಗ ಹದಿನೆಂಟರಿಂದ ಮೂವತ್ತರ ನಡುವಿನ ಹನ್ನೆರಡು ವರ್ಷಗಳೇ ಅಭ್ಯರ್ಥಿಯ ಕೈಯಲ್ಲಿರುವ ಬಂಡವಾಳ, ಮತ್ತು ಎರಡೂ ದಾರಿಗಳು ಮೊದಲು ಕೈ ಹಾಕುವುದು ಆ ಬಂಡವಾಳಕ್ಕೇ.

ಸೇನೆಗೂ ನಾಗರಿಕ ನಿಯಂತ್ರಣಕ್ಕೂ ಇರುವ ನಂಟು ಎಫ್‌ಎಎ ಹುಟ್ಟಿನಷ್ಟೇ ಹಳೆಯದು. 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಜನ ಸತ್ತ ಬಳಿಕ, ನಾಗರಿಕ ಮತ್ತು ಸೈನಿಕ ಹಾರಾಟಗಳೆರಡಕ್ಕೂ ಒಂದೇ ಆಡಳಿತವಿರಬೇಕೆಂಬ ಕೂಗು ಬಲಗೊಂಡು 1958ರ ಕಾಯ್ದೆ ಬಂತು. ಹೊಸ ಸಂಸ್ಥೆಯ ಮೊದಲ ಮುಖ್ಯಸ್ಥ ಎಲ್ವುಡ್ ಕೆಸಾಡಾ ವಾಯುಪಡೆಯ ನಿವೃತ್ತ ಜನರಲ್ ಆಗಿದ್ದರು. ನಿಯಂತ್ರಕರು ಯಾವ ಸನ್ನಿವೇಶದಲ್ಲಿ ಯಾವ ಪದಗಳನ್ನು ಬಳಸಬೇಕು, ಎಷ್ಟು ಅಂತರ ಇಡಬೇಕು ಎಂಬುದನ್ನು ವಿಧಿಸುವ 7110.65 ಎಂಬ ಸಂಖ್ಯೆಯ ನಿಯಮಾವಳಿಯನ್ನು ಇಂದಿಗೂ ಸೈನಿಕ, ನಾಗರಿಕ ನಿಯಂತ್ರಕರಿಬ್ಬರೂ ಓದುತ್ತಾರೆ. 1981ರ ಆಗಸ್ಟ್‌ನಲ್ಲಿ ಸುಮಾರು 13,000 ನಿಯಂತ್ರಕರು ಮುಷ್ಕರ ಹೂಡಿ, ಅಧ್ಯಕ್ಷ ರೇಗನ್ ಅವರಲ್ಲಿ 11,000ಕ್ಕೂ ಹೆಚ್ಚು ಜನರನ್ನು ವಜಾ ಮಾಡಿದಾಗ ಗೋಪುರಗಳಲ್ಲಿ ಕೂತು ಕೆಲಸ ಸಾಗಿಸಿದವರಲ್ಲಿ ನೂರಾರು ಸೇನಾ ನಿಯಂತ್ರಕರೂ ಇದ್ದರು. ಮುಷ್ಕರ ಮುರಿಯಲು ಸರ್ಕಾರಕ್ಕೆ ಅಷ್ಟು ಧೈರ್ಯ ಬಂದದ್ದಕ್ಕೆ ಈ ಒಂದೇ ಪುಸ್ತಕದ ಓದೂ ಒಂದು ಕಾರಣವಾಗಿರಬೇಕು.

ಸೇನೆಯ ದಾರಿಯ ಮೊದಲ ಗುಣ ಅಲ್ಲಿ ಶುಲ್ಕವಿಲ್ಲ ಎಂಬುದಾದರೆ, ಅದರ ಬೆಲೆ ಬೇರೆ ನಾಣ್ಯದಲ್ಲಿ ಸಲ್ಲುತ್ತದೆ. ಸೇನಾ ಪ್ರವೇಶದ ಸಾಮಾನ್ಯ ಪರೀಕ್ಷೆಯಲ್ಲಿ ಬೇಕಾದ ಅಂಕ ಪಡೆದವರನ್ನು ವಾಯುಪಡೆಯು ಮಿಸಿಸಿಪಿಯ ಕೀಸ್ಲರ್ ನೆಲೆಯಲ್ಲಿ, ನೌಕಾಪಡೆ ಮತ್ತು ಮರೀನ್ ದಳಗಳು ಫ್ಲಾರಿಡಾದ ಪೆನ್ಸಕೋಲಾದಲ್ಲಿ, ಭೂಸೇನೆಯು ಅಲಬಾಮಾದಲ್ಲಿರುವ ತನ್ನ ಹೆಲಿಕಾಪ್ಟರ್ ನೆಲೆಯಲ್ಲಿ ತರಬೇತುಗೊಳಿಸುತ್ತವೆ. ತರಬೇತಿಯ ಅವಧಿಯಲ್ಲಿ ಸಂಬಳವಿರುತ್ತದೆ. ಇಪ್ಪತ್ತರ ಹೊಸ್ತಿಲಲ್ಲಿಯೇ ನಿಜವಾದ ವಿಮಾನಗಳಿಗೆ ಅಪ್ಪಣೆ ಕೊಡುವ ಹೊಣೆ ಬರುತ್ತದೆ. ಸೇವೆ ಮುಗಿದ ಮೇಲೆ, 2008ರಲ್ಲಿ ವಿಸ್ತಾರಗೊಂಡ ಮಾಜಿ ಸೈನಿಕರ ಶಿಕ್ಷಣ ಸೌಲಭ್ಯದಡಿ 36 ತಿಂಗಳವರೆಗೆ ಕಾಲೇಜಿನ ನೆರವು ಸಿಗುವುದರಿಂದ ಪದವಿಯ ಬಾಗಿಲೂ ಮುಚ್ಚುವುದಿಲ್ಲ. ಆದರೆ ತರಬೇತಿಯಲ್ಲಿ ಸೋತವನಿಗೆ ಬಿಡುಗಡೆ ಖಚಿತವಲ್ಲ. ನಿಯಂತ್ರಕನಾಗಲೆಂದು ಸಹಿ ಹಾಕಿದ ಯುವಕ ಅದರಲ್ಲಿ ತೇರ್ಗಡೆಯಾಗದಿದ್ದರೆ, ಸೇನೆ ತನ್ನ ಅಗತ್ಯ ನೋಡಿಕೊಂಡು ಅವನನ್ನು ಉಗ್ರಾಣಕ್ಕೋ ಅಡುಗೆಮನೆಗೋ ಕಾವಲಿಗೋ ಹಾಕಬಹುದು, ಮತ್ತು ಒಪ್ಪಂದದ ಉಳಿದ ವರ್ಷಗಳನ್ನು ಅವನು ಅಲ್ಲಿಯೇ ಕಳೆಯಬೇಕಾಗುತ್ತದೆ. ಸೋಲಿನ ಹಣಕಾಸಿನ ನಷ್ಟ ಸರ್ಕಾರದ್ದು, ಕಾಲದ ನಷ್ಟ ಅವನದು.

ಗೆದ್ದವನಿಗೂ ಒಂದು ಮಿತಿಯಿದೆ. ನಾಗರಿಕ ನಿಯಂತ್ರಣದಲ್ಲಿ ಸ್ಥೂಲವಾಗಿ ಮೂರು ಬಗೆಯ ಕೆಲಸಗಳು: ಗಾಜಿನ ಗೋಪುರದಿಂದ ರನ್‌ವೇಯನ್ನು ಕಣ್ಣಾರೆ ನೋಡುತ್ತಾ ನಡೆಸುವುದು, ನಿಲ್ದಾಣದ ಸುತ್ತಲಿನ ಆಗಮನ ನಿರ್ಗಮನಗಳನ್ನು ರಾಡಾರ್ ಪರದೆಯ ಮೇಲೆ ಹೊಂದಿಸುವುದು, ಎತ್ತರದ ದೂರಮಾರ್ಗಗಳನ್ನು ದೊಡ್ಡ ಕೇಂದ್ರಗಳಿಂದ ನೋಡಿಕೊಳ್ಳುವುದು. ಸೇನೆಯ ಅನುಭವ ಬಹುಮಟ್ಟಿಗೆ ಮೊದಲ ಎರಡರಲ್ಲಿ ನಿಲ್ಲುತ್ತದೆ. ಮೂರನೆಯದಕ್ಕೆ ನಿಯೋಜನೆಗೊಂಡ ಮಾಜಿ ಸೈನಿಕ ಹೆಚ್ಚು ಕಡಿಮೆ ಹೊಸಬನೇ. ಸೇನೆ ಕಲಿಸುವ ಕುಶಲತೆಗಳಲ್ಲಿ ಕೆಲವಕ್ಕೆ ಹೊರಗೆ ಗಿರಾಕಿಯೂ ಇಲ್ಲ. ನಿಖರ ರಾಡಾರ್ ಇಳಿಕೆ ಎಂಬ ವಿಧಾನದಲ್ಲಿ ನಿಯಂತ್ರಕನು, ಮಂಜಿನಲ್ಲಿ ನೆಲ ಕಾಣದ ಪೈಲಟನಿಗೆ, ತುಸು ಎಡಕ್ಕೆ, ತುಸು ಕೆಳಗಿದ್ದೀರಿ ಎಂದು ಕೊನೆಯ ಹಂತದಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಮೌನ ಬೀಳದಂತೆ ಹೇಳುತ್ತಾ ಮಾತಿನಿಂದಲೇ ಇಳಿಸಿಕೊಳ್ಳುತ್ತಾನೆ. ಈ ವಿದ್ಯೆಯಷ್ಟು ಸೊಗಸಾದದ್ದು ನಿಯಂತ್ರಣ ಕ್ಷೇತ್ರದಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ. ಆದರೆ ವಿಮಾನದೊಳಗಿನ ಉಪಕರಣಗಳೇ ದಾರಿ ತೋರುವ ನಾಗರಿಕ ಹಾರಾಟದಲ್ಲಿ ಅದು ಹೆಚ್ಚು ಕಡಿಮೆ ಮರೆಯಾಗಿದೆ.

ಕಾಲೇಜಿನ ದಾರಿಯ ಕಥೆ ಇದಕ್ಕಿಂತ ತೊಡಕಿನದು, ಮತ್ತು ವಿಮರ್ಶೆ ಹೆಚ್ಚು ಕಠಿಣವಾಗಬೇಕಾದದ್ದೂ ಇಲ್ಲಿಯೇ. 1990ರ ದಶಕದಲ್ಲಿ ಬೆಳೆದ ಕಾಲೇಜು ತರಬೇತಿ ಯೋಜನೆಯಡಿ ಎಂಬ್ರಿ ರಿಡಲ್, ನಾರ್ತ್ ಡಕೋಟಾ ಮೊದಲಾದ ವಿಶ್ವವಿದ್ಯಾಲಯಗಳು ಮತ್ತು ಹಲವು ಸಮುದಾಯ ಕಾಲೇಜುಗಳು ಹವಾಮಾನ, ವಾಯುಪ್ರದೇಶದ ವಿಂಗಡಣೆ, ರಾಡಾರ್ ಅನುಕರಣ ಯಂತ್ರಗಳ ಅಭ್ಯಾಸ ಇತ್ಯಾದಿಗಳನ್ನು ಕಲಿಸಿದವು. ಎಫ್‌ಎಎ ನೇಮಿಸಿಕೊಂಡ ಅನುಭವವಿಲ್ಲದ ಹೊಸಬನು ಸಾಮಾನ್ಯವಾಗಿ ಒಕ್ಲಹೋಮಾ ಸಿಟಿಯ ಅಕಾಡೆಮಿಯಲ್ಲಿ ಸಂಬಳ ಪಡೆಯುತ್ತಾ ಕಲಿಯಬೇಕು, ಅಲ್ಲಿ ಅನುತ್ತೀರ್ಣನಾದರೆ ಕೆಲಸ ಕಳೆದುಕೊಳ್ಳಬೇಕು. ಹಲವು ವರ್ಷಗಳ ಕಾಲ ಕಾಲೇಜಿನ ಪದವೀಧರನಿಗೆ ಅಕಾಡೆಮಿಯಲ್ಲಿ ಸಿಕ್ಕ ವಿನಾಯಿತಿ ಏನೆಂದರೆ ಸುಮಾರು ಐದು ವಾರಗಳ ಪ್ರಾಥಮಿಕ ಪಾಠ ಮಾತ್ರ. ತನ್ನ ಕುಟುಂಬದ ಹಣದಲ್ಲಿ ಎರಡರಿಂದ ನಾಲ್ಕು ವರ್ಷ ಓದಿದವನು, ಸಾಮಾನ್ಯ ಕೆಲಸದ ಅನುಭವ ತೋರಿಸಿ ಸಾರ್ವಜನಿಕ ಅರ್ಜಿಯ ಮೂಲಕ ನೇರವಾಗಿ ಬಂದವನಿಗಿಂತ ಐದು ವಾರ ಮುಂದಿರುತ್ತಿದ್ದ ಎಂಬುದೇ ಈ ಯೋಜನೆಯ ಮೇಲಿನ ಅತ್ಯಂತ ತೀಕ್ಷ್ಣ ಟೀಕೆ. ಅದನ್ನು ಬರೆದುಕೊಟ್ಟದ್ದು ಯಾವ ವಿಮರ್ಶಕನೂ ಅಲ್ಲ, ಸಂಸ್ಥೆಯ ನಿಯಮವೇ.

ಪದವಿಗೆ ಇದ್ದ ಇನ್ನೊಂದು ಬೆಲೆ ನೇಮಕದಲ್ಲಿನ ಆದ್ಯತೆಯಾಗಿತ್ತು, ಅದೂ 2014ರಲ್ಲಿ ಕುಸಿಯಿತು. ಅದರ ಹಿಂದಿನ ವರ್ಷ ಕೇಂದ್ರ ಸರ್ಕಾರದ ವೆಚ್ಚ ಕಡಿತದಿಂದಾಗಿ ಅಕಾಡೆಮಿ ತಿಂಗಳುಗಟ್ಟಲೆ ಮುಚ್ಚಿತ್ತು. ಕಾದು ಕುಳಿತಿದ್ದ ಪದವೀಧರರಿಗೆ, ಇನ್ನು ಮುಂದೆ ಎಲ್ಲರೂ ಒಂದೇ ಸಾರ್ವಜನಿಕ ಪ್ರಕಟಣೆಯಡಿ ಅರ್ಜಿ ಹಾಕಬೇಕು, ಮೊದಲು ಜೀವನ ವಿವರಗಳ ಪ್ರಶ್ನಾವಳಿಯೊಂದನ್ನು ದಾಟಬೇಕು ಎಂಬ ಆದೇಶ ಬಂತು. ಶಾಲೆಯಲ್ಲಿ ಅತಿ ಕಡಿಮೆ ಅಂಕ ಬಂದ ವಿಷಯ ಯಾವುದು ಎಂಬಂಥ ಪ್ರಶ್ನೆಗಳಿದ್ದ ಆ ಪಟ್ಟಿಯಲ್ಲಿ ವಿಜ್ಞಾನ ಎಂಬ ಉತ್ತರಕ್ಕೆ ಹೆಚ್ಚಿನ ಅಂಕವಿತ್ತೆಂಬುದು ಆಮೇಲೆ ಹೊರಬಂದಾಗ, ಅದನ್ನು ಸಮರ್ಥಿಸುವುದು ಸಂಸ್ಥೆಯ ಹಿತೈಷಿಗಳಿಗೂ ಕಷ್ಟವಾಯಿತು. ಅಭ್ಯರ್ಥಿಗಳ ಬಳಗ ವಿಸ್ತರಿಸಬೇಕೆಂಬ ಉದ್ದೇಶ ತಪ್ಪಲ್ಲ. ಸಂಸ್ಥೆಯೇ ಮಾನ್ಯ ಮಾಡಿದ ಪಠ್ಯಕ್ರಮವನ್ನು ನಂಬಿ ಸಾಲ ಮಾಡಿ ಓದಿದವರ ಎದುರು ನಿಯಮವನ್ನು ನಡುದಾರಿಯಲ್ಲಿ ತಿರುಗಿಸಿದ್ದು ತಪ್ಪು. ಪದವೀಧರರು 2015ರ ಕೊನೆಯಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2016ರಲ್ಲಿ ಅಮೆರಿಕದ ಸಂಸತ್ತು ಕಾಲೇಜಿನವರಿಗೂ ಮಾಜಿ ಸೈನಿಕರಿಗೂ ಆ ಪ್ರಶ್ನಾವಳಿಯನ್ನು ಒಡ್ಡಬಾರದೆಂದು ವಿಧಿಸಿ, ಇವರಿಬ್ಬರನ್ನು ಒಂದು ಗುಂಪಾಗಿಯೂ ಸಾಮಾನ್ಯ ಅರ್ಜಿದಾರರನ್ನು ಇನ್ನೊಂದಾಗಿಯೂ ಇಟ್ಟು ಎರಡರಿಂದಲೂ ಬಹುತೇಕ ಸಮವಾಗಿ ಆಯ್ಕೆ ನಡೆಸಬೇಕೆಂದಿತು. ಪ್ರಶ್ನಾವಳಿಯಿಂದ ಹೊರಬಿದ್ದು ಅಷ್ಟರಲ್ಲಿ ವಯೋಮಿತಿ ದಾಟಿದವರಿಗೆ ವಿನಾಯಿತಿಯನ್ನೂ ಕೊಟ್ಟಿತು. ಹೀಗೆ ವಿನಾಯಿತಿ ಕೊಡಬೇಕಾಗಿ ಬಂದದ್ದೇ, ಕಾಲೇಜಿನ ದಾರಿಯಲ್ಲಿ ಕಾಲದ ಸಾಲ ಯಾರ ಮೇಲೆ ಬಿದ್ದಿತ್ತೆಂಬುದಕ್ಕೆ ಸಾಕ್ಷಿ.

ಭಾರತದ ಪದ್ಧತಿಯನ್ನು ಪಕ್ಕದಲ್ಲಿಟ್ಟರೆ ಈ ದೋಷ ಇನ್ನೂ ಸ್ಪಷ್ಟವಾಗುತ್ತದೆ. ಇಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಭೌತಶಾಸ್ತ್ರ ಮತ್ತು ಗಣಿತ ಓದಿದ ವಿಜ್ಞಾನ ಪದವೀಧರರನ್ನೂ ಎಂಜಿನಿಯರ್‌ಗಳನ್ನೂ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಜೂನಿಯರ್ ಎಕ್ಸಿಕ್ಯೂಟಿವ್ ಆಗಿ ಆರಿಸಿ, ಆಮೇಲೆ ಪ್ರಯಾಗ್‌ರಾಜ್ ಮೊದಲಾದ ಕಡೆ ತನ್ನದೇ ಖರ್ಚಿನಲ್ಲಿ ತರಬೇತಿ ಕೊಡುತ್ತದೆ. ಆಯ್ಕೆಯಾಗದವನಿಗೆ ಭೌತಶಾಸ್ತ್ರದ ಪದವಿ ಬೇರೆ ಕಡೆ ಅನ್ನ ಹುಟ್ಟಿಸುತ್ತದೆ. ಬೀದರ್‌ನಂಥ ಕಡೆ ರನ್‌ವೇ ವಾಯುಪಡೆಯದ್ದಾಗಿ, ನಾಗರಿಕ ವಿಮಾನ ಬಂದರೂ ಅದನ್ನು ಇಳಿಸುವ ದನಿ ಸೈನಿಕನದೇ ಆಗಿರುತ್ತದೆ, ಆದರೂ ಅದು ಪ್ರಾಧಿಕಾರದ ನೌಕರಿಗೆ ಏಣಿಯೆಂದು ಯಾರೂ ಭಾವಿಸಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಆಯ್ಕೆ ಎದುರಾಗುವುದು ಹೆಚ್ಚಾಗಿ ಅಲ್ಲಿಯೇ ಹುಟ್ಟಿದ ಮಕ್ಕಳ ಕಾಲಕ್ಕೆ, ಏಕೆಂದರೆ ಎಫ್‌ಎಎ ನಿಯಂತ್ರಕನಾಗಲು ಪೌರತ್ವ ಬೇಕೇ ಬೇಕು. ಓದನ್ನೇ ಏಣಿಯೆಂದು ನಂಬಿದ ಮನೆಗಳು ಸಹಜವಾಗಿ ಕಾಲೇಜಿನ ಕಡೆ ವಾಲುತ್ತವೆಯಾದರೂ, ನಿಯಂತ್ರಣದ ಪದವಿಯ ಜೊತೆಗೆ ಇನ್ನೊಂದು ವಿಷಯದಲ್ಲಿಯೂ ಕಾಲೂರುವುದು ಅವರಿಗೆ ಹೆಚ್ಚು ಕ್ಷೇಮ.

2024ರಲ್ಲಿ ಎಫ್‌ಎಎ ಈ ಲೋಪವನ್ನು ತಕ್ಕಮಟ್ಟಿಗೆ ಒಪ್ಪಿಕೊಂಡಿತು ಎನ್ನಬೇಕು. ವರ್ಧಿತ ಕಾಲೇಜು ಯೋಜನೆಯಡಿ ಅಕಾಡೆಮಿಯ ಪಠ್ಯ ಮತ್ತು ಪರೀಕ್ಷೆಗಳನ್ನೇ ಕಾಲೇಜಿನಲ್ಲಿ ನಡೆಸಿ, ಉತ್ತೀರ್ಣರಾದವರನ್ನು ಅಕಾಡೆಮಿ ತಪ್ಪಿಸಿ ನೇರವಾಗಿ ಕಾರ್ಯಸ್ಥಾನಕ್ಕೆ ಕಳಿಸುವ ಏರ್ಪಾಡಿಗೆ ಮೊದಲು ಒಕ್ಲಹೋಮಾ ವಿಶ್ವವಿದ್ಯಾಲಯವೂ ಟಲ್ಸಾ ಸಮುದಾಯ ಕಾಲೇಜೂ ಸೇರಿದವು. ಅನುಭವಿ ಸೈನಿಕನಿಗೆ ಮೊದಲಿಂದ ಸಿಗುತ್ತಿದ್ದ ಸೌಲಭ್ಯ ಈಗ ಪದವೀಧರನಿಗೂ ದಕ್ಕಿದಂತಾಯಿತು. ಐದು ವಾರಗಳ ವಿನಾಯಿತಿಗೆ ಹೋಲಿಸಿದರೆ ಇದು ಪದವಿಗೆ ಮೊದಲ ಬಾರಿ ಬಂದ ನಿಜವಾದ ಬೆಲೆ, ಮತ್ತು ಇಂಥ ಕಾಲೇಜಿಗೂ ಹಳೆಯ ಮಾದರಿಯ ಕಾಲೇಜಿಗೂ ಇರುವ ವ್ಯತ್ಯಾಸವು ಸೇನೆಗೂ ಕಾಲೇಜಿಗೂ ಇರುವ ವ್ಯತ್ಯಾಸಕ್ಕಿಂತ ದೊಡ್ಡದು.

ಆದರೂ ಯಾವ ದಾರಿಯಿಂದ ಬಂದರೂ ಕೊನೆಗೆ ಒಂದೇ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ. ನಿಯಂತ್ರಕನ ಅರ್ಹತೆಯನ್ನು ಒಂದೊಂದು ಗೋಪುರಕ್ಕೆ, ಒಂದೊಂದು ರಾಡಾರ್ ವಿಭಾಗಕ್ಕೆ ಪ್ರತ್ಯೇಕವಾಗಿ ಗಳಿಸಬೇಕು. ಷಿಕಾಗೊದಲ್ಲಿ ಪಕ್ವವಾದವನು ಅಟ್ಲಾಂಟಾಕ್ಕೆ ಹೋದರೆ ಅಲ್ಲಿಯ ನಕ್ಷೆ, ಮಾರ್ಗ, ಒಪ್ಪಂದಗಳನ್ನು ಕಲಿತು ಮತ್ತೆ ಪರೀಕ್ಷೆಗೆ ಒಳಗಾಗಬೇಕು. ಈ ಕಲಿಕೆಗೆ ದೊಡ್ಡ ಕೇಂದ್ರಗಳಲ್ಲಿ ವರ್ಷಗಳೇ ಹಿಡಿಯುತ್ತವೆ, ಕಲಿಸುವವರು ಅಲ್ಲಿಯೇ ಪಾಳಿ ಮಾಡುತ್ತಿರುವ ಹಿರಿಯ ನಿಯಂತ್ರಕರು. 2023ರಲ್ಲಿ ಸಾರಿಗೆ ಇಲಾಖೆಯ ಲೆಕ್ಕ ತಪಾಸಕರು ಅತಿ ಮುಖ್ಯವೆಂದು ಗುರುತಿಸಿದ 26 ಕಾರ್ಯಸ್ಥಾನಗಳಲ್ಲಿ 20ರಲ್ಲಿ ಸಿಬ್ಬಂದಿ ಅಗತ್ಯದ ಶೇ. 85ರ ಮಟ್ಟಕ್ಕಿಂತ ಕಡಿಮೆಯಿದ್ದರು. ಜನ ಕಡಿಮೆಯಿದ್ದ ಕಡೆ ಕಲಿಸಲು ಬಿಡುವೂ ಕಡಿಮೆ, ಆದ್ದರಿಂದ ಕಾಲೇಜು ಎಷ್ಟು ಬೇಗ ಕಳಿಸಿದರೂ ಹೊಸಬನು ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಹಿರಿಯನ ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಾನೆ. ಅಲ್ಲಿಯೂ ಕೈಕೊಟ್ಟರೆ, ಸೇನೆಯಲ್ಲಿ ಗೋಪುರದ ಪ್ರಮಾಣಪತ್ರ ಪಡೆದವನಿಗೆ ಎಫ್‌ಎಎ ಖಾಸಗಿ ಗುತ್ತಿಗೆದಾರರಿಂದ ನಡೆಸುವ 250ಕ್ಕೂ ಹೆಚ್ಚು ಸಣ್ಣ ಗೋಪುರಗಳ ಬಾಗಿಲು ತೆರೆದಿರುತ್ತದೆ. ಅವುಗಳಲ್ಲಿ ದುಡಿಯುವವರು ಹೆಚ್ಚಾಗಿ ಅವನಂಥವರೇ. ಪದವೀಧರನ ಕೈಯಲ್ಲಿ ಉಳಿಯುವುದು ಸಾಮಾನ್ಯವಾಗಿ ಪದವಿಯ ಹಾಳೆ, ಮತ್ತು ತೀರಿಸಬೇಕಾದ ಸಾಲದ ಕಂತು.