ಯಾರ ಭವಿಷ್ಯ?

ನಮ್ಮ ಭದ್ರಾವತಿಯ ಹಾಗೆ ಅಮೆರಿಕದ ಸ್ಟ್ಯೂಬೆನ್‌ವಿಲ್ಲೂ ಉಕ್ಕಿನ ಊರು. ಕಾರ್ಖಾನೆ ಸೊರಗಿದ ಮೇಲೆ ಊರಿನ ಮಾನವೆಲ್ಲ ಹೈಸ್ಕೂಲು ಫುಟ್‌ಬಾಲ್ ತಂಡದ ಮೇಲೆ ಕೂತಿತು. 2012ರ ಆಗಸ್ಟ್‌ನಲ್ಲಿ ಆ ತಂಡದ ಇಬ್ಬರು, ಎಚ್ಚರವಿಲ್ಲದ ಹದಿನಾರರ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದರು. ಜೊತೆಯವರು ಫೋಟೊ ಹಂಚಿ ನಕ್ಕರು. 2013ರ ಮಾರ್ಚ್‌ನಲ್ಲಿ ಕೋರ್ಟು ಇಬ್ಬರನ್ನೂ ತಪ್ಪಿತಸ್ಥರೆಂದಿತು. ಆ ದಿನ ಸಿಎನ್‌ಎನ್ ವರದಿ ಮರುಗಿದ್ದು ಹುಡುಗರ ಉಜ್ವಲ ಭವಿಷ್ಯ ಹಾಳಾಯಿತಲ್ಲ ಅಂತ! ಹುಡುಗಿಗೆ ಭವಿಷ್ಯವೇ ಇರಲಿಲ್ಲವೆ?

ಮರುತಿಂಗಳೇ ಶಾಲಾ ಮಂಡಳಿ ಕೋಚ್‌ನ ಕರಾರನ್ನು ಎರಡು ವರ್ಷ ಮುಂದುವರಿಸಿತು. ಶಿಕ್ಷೆ ಮುಗಿಸಿದ ಒಬ್ಬ 2014ರಲ್ಲಿ ಅದೇ ತಂಡಕ್ಕೆ ಮರಳಿದ. ತಪ್ಪು ಮಾಡಿದವನು ತಿದ್ದಿಕೊಳ್ಳಬಾರದೆಂದು ನಾವು ಹೇಳುತ್ತಿಲ್ಲ. ಆ ಅವಕಾಶ ಯಾರಿಗೆ ಸಿಗುತ್ತೆ ಅನ್ನೋದೇ ನಮ್ಮ ತಕರಾರು.

ಆಯನೂರಿನ ಕಡೆ ಕಪ್ ಅಂದರೆ ಕಬಡ್ಡಿ ಕಪ್, ಅಷ್ಟೇ ವ್ಯತ್ಯಾಸ. "ಹುಡುಗಾಟ, ಬಿಟ್ಟಾಕಿ" ಎಂಬ ಮಾತು ನಮಗೇನೂ ಹೊಸದಲ್ಲ. ಉಳ್ಳವರ ಮಗ ಮಾಡಿದರೆ ಹುಡುಗಾಟ. ಅದನ್ನೇ ಕೇರಿಯ ಹುಡುಗ ಮಾಡಿದರೆ ಕಂಬಕ್ಕೆ ಕಟ್ಟಿ ಬಡಿಯುತ್ತಾರೆ. ಕೇರಿಯ ಹುಡುಗಿ ಬಾಯಿ ಬಿಟ್ಟರೋ, ರಾಜಿ ಪಂಚಾಯ್ತಿ.

ಅದೇ 2012ರಲ್ಲಿ ನಮ್ಮಲ್ಲಿ ಪೋಕ್ಸೊ ಕಾಯ್ದೆ ಬಂತು. ಮಕ್ಕಳ ಮೇಲಿನ ಇಂಥ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟವರಿಗೂ ಆರು ತಿಂಗಳವರೆಗೆ ಜೈಲುಂಟು. ಮೇಷ್ಟ್ರೇ, ಇದನ್ನು ನಿಮ್ಮ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ.