ಶ್ರೇಯಾಂಕಪಟ್ಟಿಗಳ ಪ್ರಾಮಾಣ್ಯ

ವಿದ್ಯಾಸಂಸ್ಥೆಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವ ಪದ್ಧತಿಗೆ ನಮ್ಮ ದೇಶದಲ್ಲಿ ಸರಕಾರದ ಮುದ್ರೆ ಬಿದ್ದು ಬಹುಕಾಲವೇನೂ ಆಗಿಲ್ಲ. ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕ ಚೌಕಟ್ಟು, ಎಂದರೆ ಎಲ್ಲರೂ ಎನ್.ಐ.ಆರ್.ಎಫ್. ಎಂದು ಕರೆಯುವ ಯೋಜನೆ, ೨೦೧೫ರಲ್ಲಿ ಘೋಷಿತವಾಗಿ, ಅದರ ಮೊದಲ ಪಟ್ಟಿ ೨೦೧೬ರ ಏಪ್ರಿಲ್ ತಿಂಗಳಲ್ಲಿ ಹೊರಬಿದ್ದಿತು. ವಿಶ್ವವಿದ್ಯಾನಿಲಯಗಳ ವರ್ಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಂದಿನಿಂದ ೨೦೨೫ರ ಪಟ್ಟಿಯವರೆಗೆ ಒಮ್ಮೆಯೂ ಪ್ರಥಮಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ನಮಗೆ ಇದು ಸಂತೋಷದ ಸಂಗತಿಯೇ. ಆದರೆ ೧೯೦೯ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಯೋಗ್ಯತೆಯನ್ನು ಅರಿಯಲು ಯಾರಿಗೂ ಪಟ್ಟಿ ಬೇಕಾಗಿರಲಿಲ್ಲ. ಅದು ಬೇಕಾಗಿರುವುದು ಪ್ರಸಿದ್ಧಿಯಿಲ್ಲದ ಹತ್ತು ಕಾಲೇಜುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ವಿದ್ಯಾರ್ಥಿಗೆ. ಅಂಥವನಿಗೆ ಈ ಪಟ್ಟಿ ಎಷ್ಟರಮಟ್ಟಿಗೆ ಪ್ರಮಾಣವಾಗಬಲ್ಲುದು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಪ್ರಮಾಣ ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ನಮ್ಮ ಶಾಸ್ತ್ರಕಾರರು ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾದವುಗಳನ್ನು ಜ್ಞಾನಕ್ಕೆ ಸಾಧನಗಳೆಂದು ಹೇಳಿ, ಶಬ್ದವು ಪ್ರಮಾಣವಾಗಬೇಕಾದರೆ ನುಡಿದವನು ಆಪ್ತನಾಗಿರಬೇಕೆಂದು ನಿಯಮಿಸಿದರು. ಶ್ರೇಯಾಂಕ ಇವುಗಳಲ್ಲಿ ಯಾವುದರ ಮೇಲೆ ನಿಂತಿದೆ? ವಿಶ್ವವಿದ್ಯಾನಿಲಯಗಳಿಗೆ ಬೋಧನೆ, ಕಲಿಕೆ, ಸಂಪನ್ಮೂಲಗಳಿಗಾಗಿ ನೂರರಲ್ಲಿ ೩೦, ಸಂಶೋಧನೆಗೆ ೩೦, ಪದವಿಯ ಫಲಿತಾಂಶಕ್ಕೆ ೨೦, ಸಮಾಜದ ಎಲ್ಲ ವರ್ಗದವರನ್ನೂ ಒಳಗೊಂಡುದಕ್ಕೆ ೧೦, ಹೊರಗಿನವರ ಅಭಿಪ್ರಾಯಕ್ಕೆ ೧೦ ಎಂದು ಅಂಕಗಳ ಹಂಚಿಕೆಯುಂಟು; ಕಾಲೇಜುಗಳಿಗಾದರೆ ಬೋಧನೆಯ ಪಾಲು ೪೦. ಬೋಧನೆಗೆ ಇಷ್ಟು ಪ್ರಾಶಸ್ತ್ಯವಿರುವುದನ್ನು ಕಂಡು ಓದುಗನಿಗೆ ಸಮಾಧಾನವಾಗಬಹುದು. ಆದರೆ ಆ ಶೀರ್ಷಿಕೆಯ ಕೆಳಗೆ ಎಣಿಸುವುದು ವಿದ್ಯಾರ್ಥಿಗಳ ಸಂಖ್ಯೆ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇರುವ ಪ್ರಮಾಣ, ಅಧ್ಯಾಪಕರ ಪದವಿ ಮತ್ತು ಅನುಭವ, ಖರ್ಚಾದ ಹಣ, ಇವುಗಳನ್ನು. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನು ಕೇಳಿದವರು ಒಬ್ಬರೂ ಇಲ್ಲ. ಎಂದಮೇಲೆ ಇದು ಪ್ರತ್ಯಕ್ಷವಲ್ಲ, ಅನುಮಾನ. ಆ ಅನುಮಾನಕ್ಕೆ ಆಧಾರವಾದ ಸಂಖ್ಯೆಗಳಾದರೋ ಬಹುಮಟ್ಟಿಗೆ ಸಂಸ್ಥೆಯೇ ತನ್ನ ವಿಷಯದಲ್ಲಿ ತಾನೇ ನುಡಿದ ಶಬ್ದ.

ಈ ಸಂಶಯವನ್ನು ನಾವು ತರ್ಕದ ಚಾಪಲ್ಯಕ್ಕಾಗಿ ಎತ್ತಿದ್ದಲ್ಲ. ಶ್ರೇಯಾಂಕದ ವ್ಯವಹಾರ ನಮಗಿಂತ ಹಳೆಯದಾದ ಅಮೆರಿಕೆಯಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನ ದೊರೆಯುತ್ತದೆ. ಅಲ್ಲಿ ಯು. ಎಸ್. ನ್ಯೂಸ್ ಪತ್ರಿಕೆ ೧೯೮೩ರಲ್ಲಿಯೇ ಕಾಲೇಜುಗಳ ಪಟ್ಟಿಯನ್ನು ಆರಂಭಿಸಿತು. ೨೦೨೧ರಲ್ಲಿ ಪ್ರಕಟವಾದ ಅದರ ಪಟ್ಟಿಯಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಎರಡನೆಯ ಸ್ಥಾನ ಸಂದಿತ್ತು. ೨೦೨೨ರ ಫೆಬ್ರವರಿಯಲ್ಲಿ ಆ ವಿಶ್ವವಿದ್ಯಾನಿಲಯದಲ್ಲಿಯೇ ಗಣಿತದ ಪ್ರಾಧ್ಯಾಪಕರಾದ ಮೈಕೇಲ್ ಥ್ಯಾಡಿಯಸ್ ಎಂಬವರು ಅದು ಪತ್ರಿಕೆಗೆ ಒಪ್ಪಿಸಿದ್ದ ಅಂಕಿಗಳನ್ನು ಪರೀಕ್ಷಿಸಿ ಒಂದು ದೀರ್ಘವಾದ ಲೇಖನವನ್ನು ಹೊರತಂದರು. ಅವರು ಅನುಸರಿಸಿದ ಕ್ರಮ ನಮ್ಮ ಗ್ರಂಥಸಂಪಾದಕರಿಗೆ ಅಪರಿಚಿತವಾದುದೇನಲ್ಲ: ಒಂದು ಪ್ರತಿಯ ಪಾಠವನ್ನು ಮತ್ತೊಂದು ಪ್ರತಿಯೊಡನೆ ಹೋಲಿಸುವುದು. ಇಪ್ಪತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ತರಗತಿಗಳು ಶೇಕಡ ೮೨.೫ರಷ್ಟಿವೆಯೆಂದು ವಿಶ್ವವಿದ್ಯಾನಿಲಯ ಹೇಳಿಕೊಂಡಿತ್ತು. ಅದರದೇ ತರಗತಿಗಳ ಸೂಚಿಯನ್ನು ಮುಂದಿಟ್ಟುಕೊಂಡು ಎಣಿಸಿದಾಗ ಅದು ೬೨.೭ರಿಂದ ೬೬.೯ರೊಳಗೆ ಇರಬೇಕೆಂದು ಥ್ಯಾಡಿಯಸ್‌ರಿಗೆ ಕಂಡಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾನಿಲಯ ಸರಿಪಡಿಸಿ ಕೊಟ್ಟ ಸಂಖ್ಯೆ ಅದಕ್ಕಿಂತಲೂ ಕೆಳಗಿನದು, ಸುಮಾರು ೫೭. ಸ್ಥಾನ ಎರಡರಿಂದ ಹದಿನೆಂಟಕ್ಕೆ ಇಳಿಯಿತು.

ಈ ಪ್ರಕರಣದಲ್ಲಿ ಎರಡು ಅಂಶಗಳು ನಮಗೆ ಮುಖ್ಯವಾಗಿ ತೋರುತ್ತವೆ. ತಪ್ಪನ್ನು ಕಂಡುಹಿಡಿದದ್ದು ಪಟ್ಟಿಯನ್ನು ಮಾಡಿದವರಲ್ಲ, ಒಳಗಿನವರೊಬ್ಬರು. ಅವರಿಗೆ ಲೆಕ್ಕ ತಿಳಿದಿತ್ತು, ಧೈರ್ಯವಿತ್ತು, ನೌಕರಿ ಭದ್ರವಾಗಿತ್ತು. ನಮ್ಮ ಖಾಸಗಿ ಕಾಲೇಜೊಂದರಲ್ಲಿ ವರ್ಷವರ್ಷದ ಕರಾರಿನ ಮೇಲೆ ದುಡಿಯುವ ಅಧ್ಯಾಪಕನಿಂದ ಇದನ್ನು ನಿರೀಕ್ಷಿಸುವುದು ನ್ಯಾಯವೆ? ಇನ್ನೊಂದು, ಒಂದೇ ವರ್ಷದಲ್ಲಿ ಹದಿನಾರು ಮೆಟ್ಟಿಲು ಇಳಿದ ಆ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವವರು ಹಿಂದಿನವರೇ, ಪುಸ್ತಕಭಂಡಾರವೂ ಹಿಂದಿನದೇ. ಹಾಗಾದರೆ ಪಟ್ಟಿ ಅಳೆಯುತ್ತಿದ್ದುದು ಏನನ್ನು?

ಸ್ಥಳಪರೀಕ್ಷೆಯಿಂದ ಈ ದೋಷ ಪರಿಹಾರವಾಗುತ್ತದೆಂದು ಕೆಲವರು ಹೇಳಬಹುದು. ೧೯೯೪ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಸಿರುವ ನ್ಯಾಕ್ ಸಂಸ್ಥೆ ಕಾಲೇಜುಗಳಿಗೆ ತಜ್ಞರ ತಂಡವನ್ನೇ ಕಳುಹಿಸಿ ಶ್ರೇಣಿ ಕೊಡುತ್ತ ಬಂದಿತು. ಆದರೆ ೨೦೨೫ರ ಫೆಬ್ರವರಿಯಲ್ಲಿ ಅಂಥ ತಂಡವೊಂದರ ಸದಸ್ಯರನ್ನೇ ಲಂಚದ ಆರೋಪದ ಮೇಲೆ ಸಿ.ಬಿ.ಐ. ಬಂಧಿಸಿತು. ಕಣ್ಣಿನಿಂದ ಕಂಡವನೂ ಆಪ್ತನೇ ಎಂದು ಹೇಳುವಂತಿಲ್ಲ.

ಇನ್ನು ನಮಗೆ ತೀರ ಹತ್ತಿರದ ವಿಷಯಕ್ಕೆ ಬರೋಣ. ಸಂಶೋಧನೆಗೆಂದಿಟ್ಟ ಅಂಕಗಳಲ್ಲಿ ದೊಡ್ಡ ಭಾಗ ಪ್ರಬಂಧಗಳ ಸಂಖ್ಯೆಗೂ ಅವುಗಳನ್ನು ಇತರರು ಉಲ್ಲೇಖಿಸಿದ ಸಂಖ್ಯೆಗೂ ಸಲ್ಲುತ್ತದೆ. ಈ ಎಣಿಕೆಗೆ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ವಿದೇಶೀ ಸೂಚಿಗಳೇ ಆಧಾರ. ಅವು ಪ್ರಧಾನವಾಗಿ ಇಂಗ್ಲಿಷಿನ ಪತ್ರಿಕೆಗಳನ್ನು ಅವಲಂಬಿಸಿದವು. ಕನ್ನಡದಲ್ಲಿ ಬರೆದ ಶಾಸನಾಧ್ಯಯನವಾಗಲಿ ಪಾಠಪರಿಷ್ಕರಣವಾಗಲಿ ಅಲ್ಲಿ ಲೆಕ್ಕಕ್ಕೆ ಬರುವುದು ದುರ್ಲಭ. ಎಣಿಕೆಯ ಅವಧಿ ಹಿಂದಿನ ಮೂರು ವರ್ಷಗಳು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಹೊರಬಂದವು. ಅವರು ಇಂದಿನ ವಿಶ್ವವಿದ್ಯಾನಿಲಯವೊಂದರಲ್ಲಿ ಅಧ್ಯಾಪಕರಾಗಿದ್ದು ಆ ಒಂದೇ ಕೆಲಸದಲ್ಲಿ ತೊಡಗಿದ್ದರೆ, ಎಣಿಕೆಯ ದೃಷ್ಟಿಯಿಂದ ಸಂಪುಟವಿಲ್ಲದ ವರ್ಷಗಳಲ್ಲಿ ಸೊನ್ನೆ, ಸಂಪುಟ ಬಂದ ವರ್ಷದಲ್ಲಿಯೂ ಸೊನ್ನೆ.

ಇದಕ್ಕಿಂತ ಸೂಕ್ಷ್ಮವಾದ ಕಷ್ಟವೊಂದುಂಟು. ಪ್ರಬಂಧಗಳ ಮೊತ್ತವನ್ನು ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಲಾಗುತ್ತದೆ. ಕನ್ನಡದ ಅಧ್ಯಾಪಕ ಭಾಜಕದಲ್ಲಿ ಸೇರುತ್ತಾನೆ, ಅವನ ಬರಹ ಭಾಜ್ಯದಲ್ಲಿ ಸೇರುವುದಿಲ್ಲ. ಅಧ್ಯಾಪಕ-ವಿದ್ಯಾರ್ಥಿಗಳ ಪ್ರಮಾಣದಲ್ಲಿ ಅವನಿಂದ ಸಂಸ್ಥೆಗೆ ಲಾಭವುಂಟೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಆದರೆ ಆ ಲಾಭವನ್ನು ಯಾವ ವಿಷಯದ ಅಧ್ಯಾಪಕನಿಂದಲೂ ಪಡೆಯಬಹುದಷ್ಟೆ. ಖಾಲಿ ಬಿದ್ದ ಹುದ್ದೆಯನ್ನು ಕನ್ನಡಕ್ಕೆ ಕೊಡೋಣವೇ ಬೇರೆ ವಿಭಾಗಕ್ಕೆ ಕೊಡೋಣವೇ ಎಂದು ಚರ್ಚೆ ನಡೆಯುವ ಕೋಣೆಯಲ್ಲಿ ಈ ಗಣಿತ ಸುಮ್ಮನೆ ಕುಳಿತಿರುವುದೆಂದು ನಾವು ನಂಬಲಾರೆವು. ಅತ್ತ ಪ್ರಬಂಧಗಳ ಸಂಖ್ಯೆಗಾಗಿ ನಡೆದ ಧಾವಂತದ ಫಲವಾಗಿ, ಪ್ರಕಟವಾದ ಮೇಲೆ ಹಿಂದಕ್ಕೆ ಪಡೆದ ಪ್ರಬಂಧಗಳಿಗೆ ಅಂಕ ಕಳೆಯುವ ನಿಯಮವನ್ನು ೨೦೨೫ರಲ್ಲಿ ತರಬೇಕಾಯಿತು.

ಪರರಾಜ್ಯದ ವಿದ್ಯಾರ್ಥಿಗಳಿದ್ದರೆ ಅಂಕ ಎಂಬ ನಿಯಮವೂ ವಿಚಿತ್ರವಾದುದು. ಬೀದರಿನಿಂದ ಚಾಮರಾಜನಗರಕ್ಕೆ ಓದಲು ಬಂದ ಹುಡುಗಿ ಈ ಲೆಕ್ಕದಲ್ಲಿ ಊರಿನವಳೇ. ಗಡಿಯ ಕಾಲೇಜಿಗೆ ಹಳ್ಳ ದಾಟಿ ಸೈಕಲ್ಲಿನಲ್ಲಿ ಬರುವ ಹುಡುಗ ವೈವಿಧ್ಯಕ್ಕೆ ಸಾಕ್ಷಿ. ತನ್ನ ತಾಲ್ಲೂಕಿನ ಮಕ್ಕಳಿಗಾಗಿಯೇ ಹುಟ್ಟಿದ ಸರಕಾರಿ ಪ್ರಥಮ ದರ್ಜೆ ಕಾಲೇಜು, ತನ್ನ ಧರ್ಮವನ್ನು ಸರಿಯಾಗಿ ನಡೆಸಿದಷ್ಟೂ ಇಲ್ಲಿ ಹಿಂದೆ ಬೀಳುತ್ತದೆ.

ಹಾಗೆಂದು ಪಟ್ಟಿಯಿಂದ ಯಾವ ಪ್ರಯೋಜನವೂ ಇಲ್ಲವೆನ್ನುವವರ ಪಕ್ಷ ನಮ್ಮದಲ್ಲ. ನೂರರ ಆಚೆಗಿನ ಸಂಸ್ಥೆಗಳನ್ನು ೧೦೧ರಿಂದ ೧೫೦, ೧೫೧ರಿಂದ ೨೦೦ ಎಂದು ಗುಂಪುಗೂಡಿಸಿಯೇ ಹೇಳುತ್ತಾರೆ. ಒಂದೊಂದು ಮೆಟ್ಟಿಲಿನ ಅಂತರಕ್ಕೆ ಅರ್ಥವಿಲ್ಲವೆಂಬುದನ್ನು ಪಟ್ಟಿ ಮಾಡಿದವರೇ ಅಲ್ಲಿ ಒಪ್ಪಿದಂತಾಯಿತು. ಅದೇ ವಿವೇಕ ನೂರರ ಒಳಗೂ ಏಕೆ ಸಲ್ಲಬಾರದು? ಕ್ರಮಾಂಕವನ್ನು ಬದಿಗಿಟ್ಟರೆ ಉಳಿಯುವುದು ಅದರ ಬೆನ್ನಿಗಿರುವ ಕೋಷ್ಟಕಗಳು. ಎಷ್ಟು ಜನ ಸೇರಿದರು, ಅವರಲ್ಲಿ ಎಷ್ಟು ಜನ ನಿಗದಿಯಾದ ಅವಧಿಯಲ್ಲಿಯೇ ಪದವಿ ಪಡೆದರು, ಮುಂದೆ ಓದಲು ಎಷ್ಟು ಜನ ಹೋದರು, ಪುಸ್ತಕಭಂಡಾರಕ್ಕೆ ಆ ವರ್ಷ ಎಷ್ಟು ಹಣ ವೆಚ್ಚವಾಯಿತು ಎಂಬ ವಿವರಗಳನ್ನು ಸಂಸ್ಥೆಗಳು ಈ ಯೋಜನೆಯ ದೆಸೆಯಿಂದ ಬಹಿರಂಗಪಡಿಸಬೇಕಾಗಿದೆ. ಇವೂ ಸಂಸ್ಥೆಯ ಮಾತುಗಳೇ, ನಿಜ. ಆದರೆ ಕ್ರಮಾಂಕವನ್ನು ಯಾರೂ ತಾಳೆ ನೋಡಲಾರರು. ಇವುಗಳನ್ನು ಅದೇ ಕಾಲೇಜಿನಲ್ಲಿ ಓದುತ್ತಿರುವ ಊರಿನ ಹುಡುಗನನ್ನು ಕೇಳಿಯೂ ತಾಳೆ ನೋಡಬಹುದು.

ಆ ಕೋಷ್ಟಕಗಳಿರುವುದು ಇಂಗ್ಲಿಷಿನಲ್ಲಿ, ನುರಿತವರಿಗೆ ಮಾತ್ರ ಬಿಡಿಸಲು ಬರುವ ಪರಿಭಾಷೆಯಲ್ಲಿ. ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ತಮ್ಮ ಜಿಲ್ಲೆಯ ಕಾಲೇಜುಗಳ ಕೋಷ್ಟಕಗಳನ್ನು ಕನ್ನಡಕ್ಕೆ ತಂದು, ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಬರುವುದಕ್ಕೆ ಮುಂಚೆ ಆಯಾ ಊರಿನ ಪುಸ್ತಕಭಂಡಾರದಲ್ಲಿ ಒಂದೊಂದು ಪ್ರತಿಯನ್ನು ಇರಿಸುವುದು ಅಸಾಧ್ಯವಾದ ಕೆಲಸವೆಂದು ನಮಗೆ ತೋರುವುದಿಲ್ಲ.